ಕಡಲು ತಿನ್ನುವ ಕಾಲುದಾರಿ

ಇಂಗ್ಲೆಂಡಿನ ಪೂರ್ವ ಕರಾವಳಿಯ ಕೋವ್‌ಹೈದ್ ಎಂಬ ಪುಟ್ಟ ಊರಿನಲ್ಲಿ ಒಂದು ಡಾಂಬರು ರಸ್ತೆಯಿದೆ. ಚರ್ಚಿನ ಪಕ್ಕದಿಂದ ಹೊರಟು, ಹೊಲಗಳ ನಡುವೆ ಕಡಲಿನತ್ತ ಸಾಗಿ, ಸ್ವಲ್ಪ ದೂರದಲ್ಲೇ ಥಟ್ಟನೆ ನಿಂತುಬಿಡುತ್ತದೆ. ನಿಲ್ಲುತ್ತದೆ ಎನ್ನುವುದಕ್ಕಿಂತ ಮುರಿದುಬೀಳುತ್ತದೆ ಎನ್ನುವುದೇ ಸರಿ. ತಿಂದುಬಿಟ್ಟ ರೊಟ್ಟಿಯ ಅಂಚಿನಂತೆ ಡಾಂಬರು ಕಿತ್ತುಹೋಗಿದೆ. ಅದರ ಕೆಳಗೆ ಬರೀ ಮರಳಿನ ದಿಣ್ಣೆ. ದಿಣ್ಣೆಯ ಬುಡದಲ್ಲಿ ಉತ್ತರ ಸಮುದ್ರದ ಕಂದು ನೀರು. ಒಂದು ಕಾಲದಲ್ಲಿ ಈ ರಸ್ತೆ ಮುಂದಿನ ಊರಿಗೆ ಹೋಗುತ್ತಿತ್ತು. ಈಗ ಅದು ಯಾವ ಊರಿಗೂ ಹೋಗುವುದಿಲ್ಲ.

ಇಲ್ಲಿ ಕಡಲು ವರ್ಷಕ್ಕೆ ಸರಾಸರಿ 4 ಮೀಟರಿಗೂ ಹೆಚ್ಚು ನೆಲವನ್ನು ನುಂಗುತ್ತದೆ. ಸರಾಸರಿ ಎಂಬ ಮಾತು ಮಾತ್ರ ಮೋಸದ್ದು. ಕೆಲವು ವರ್ಷ ಏನೂ ಆಗುವುದಿಲ್ಲ. ಒಂದು ಚಳಿಗಾಲದ ರಾತ್ರಿ ಈಶಾನ್ಯದ ಗಾಳಿಯೂ ದೊಡ್ಡ ಉಬ್ಬರವೂ ಜೊತೆಗೂಡಿದವೆಂದರೆ ಬೆಳಗಾಗುವುದರೊಳಗೆ ಒಂದು ಹೊಲದ ಅಂಚೇ ಇರುವುದಿಲ್ಲ. ಬೇಲಿಯ ಗೂಟಗಳು ತಂತಿಗೆ ಜೋತುಬಿದ್ದು ಗಾಳಿಯಲ್ಲಿ ತೂಗಾಡುತ್ತಿರುತ್ತವೆ. ಉರುಳಿದ ಮರಗಳು ಉಪ್ಪುನೀರಿನಲ್ಲಿ ತೊಗಟೆ ಕಳಚಿಕೊಂಡು, ದಂಡೆಯ ಮೇಲೆ ಬಿಳಿಯ ಎಲುಬುಗೂಡುಗಳಂತೆ ಬಿದ್ದಿರುತ್ತವೆ. ಈ ನೋಟವನ್ನು ನೋಡಲೆಂದೇ, ಬೆನ್ನಿಗೆ ಚೀಲ ಹಾಕಿಕೊಂಡು ಜನ ಮೈಲಿಗಟ್ಟಲೆ ನಡೆದು ಬರುತ್ತಾರೆ.

ಲಂಡನ್ನಿನಿಂದ ಈಶಾನ್ಯಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ ಹೋದರೆ ಇಪ್ಸ್‌ವಿಚ್ ಸಿಗುತ್ತದೆ. ಅದು ಸಫೋಕ್ ಕೌಂಟಿಯ ಮುಖ್ಯ ಪಟ್ಟಣ. ಅಲ್ಲಿಂದ ಕಡಲ ಕಡೆ ಸರಿದರೆ ದಕ್ಷಿಣದ ಫೆಲಿಕ್ಸ್‌ಸ್ಟೋ ಬಂದರಿನಿಂದ ಉತ್ತರದ ಲೋಸ್ಟಾಫ್ಟ್‌ವರೆಗೆ ಸುಮಾರು 50 ಮೈಲಿಯ ಕರಾವಳಿ ಕಾಲುದಾರಿ. ಇಲ್ಲಿ ಬೆಟ್ಟಗಳಿಲ್ಲ, ಜಲಪಾತಗಳಿಲ್ಲ, ಬಂಡೆಗಲ್ಲು ಎಂಬುದಂತೂ ಇಲ್ಲವೇ ಇಲ್ಲ. ಪ್ರವಾಸಿ ಪುಸ್ತಕಗಳು ಸಾಮಾನ್ಯವಾಗಿ ಹೊಗಳುವ ಯಾವ ವೈಭವವೂ ಸಫೋಕ್‌ಗೆ ದಕ್ಕಿಲ್ಲ. ಮರಳು, ಹರಳುಗಲ್ಲು, ಜೇಡಿಮಣ್ಣು, ಜೊಂಡು ಬೆಳೆದ ಜೌಗು, ಕುರುಚಲು ಬಯಲು, ಪೈನ್ ಕಾಡು, ಇಷ್ಟರ ಮೇಲೆ ಒಂದು ವಿಶಾಲವಾದ ಆಕಾಶ. ಇಷ್ಟೇ ಬಂಡವಾಳದಲ್ಲಿ ಈ ಕರಾವಳಿ ನಡೆಯುವವರ ಮನಸ್ಸನ್ನು ಗೆದ್ದಿದೆ. 1970ರಲ್ಲಿ ಸರ್ಕಾರ ಇದನ್ನು ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶವೆಂದು ಘೋಷಿಸಿತು.

ನೆಲ ಖಾಸಗಿ, ದಾರಿ ಸಾರ್ವಜನಿಕ

ಇಂಗ್ಲೆಂಡಿನ ಹಳ್ಳಿಗಾಡಿನ ನಡಿಗೆಯ ಸೊಗಸು ತಿಳಿಯಬೇಕಾದರೆ ಮೊದಲು ಅಲ್ಲಿನ ಕಾಲುದಾರಿಯ ಕಾನೂನು ತಿಳಿಯಬೇಕು. ಹೊಲ ಒಬ್ಬ ರೈತನದು. ಆದರೆ ಆ ಹೊಲದ ನಡುವೆ ಹಾದುಹೋಗುವ ದಾರಿಯ ಮೇಲೆ ನಡೆಯುವ ಹಕ್ಕು ಎಲ್ಲರದು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಸುಂಕ ಕೊಡಬೇಕಾಗಿಲ್ಲ. ಜನ 20 ವರ್ಷ ಅಡ್ಡಿಯಿಲ್ಲದೆ ಒಂದು ಜಾಡಿನಲ್ಲಿ ನಡೆದಿದ್ದರೆ ಅದನ್ನು ಸಾರ್ವಜನಿಕ ದಾರಿಯೆಂದೇ ಭಾವಿಸಬೇಕೆಂದು 1932ರ ಕಾಯಿದೆ ಹೇಳಿತು. ಅಂಥ ದಾರಿಗಳನ್ನೆಲ್ಲ ಅಳೆದು ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕೆಂದು 1949ರ ಕಾಯಿದೆ ವಿಧಿಸಿತು. ಒಮ್ಮೆ ಆ ನಕ್ಷೆಗೆ ಏರಿದ ದಾರಿಯನ್ನು ಮಾಲೀಕ ತನ್ನಿಷ್ಟಕ್ಕೆ ಮುಚ್ಚುವಂತಿಲ್ಲ. ಉತ್ತರೆ ಹೂಡಿದರೆ 14 ದಿನಗಳೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಪೈರಿನ ನಡುವೆ ಕಡೇ ಪಕ್ಷ ಒಂದು ಮೀಟರ್ ಅಗಲದ ದಾರಿ ಬಿಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ! ಬೇಲಿಯ ಗೂಟಕ್ಕೆ ಹೊಡೆದ ಹಳದಿ ಬಾಣ ಕಾಲ್ನಡಿಗೆಯವರಿಗೆ. ನೀಲಿ ಬಾಣ ಕಂಡರೆ ಕುದುರೆಯೂ ಬರಬಹುದು.

ಇಷ್ಟೆಲ್ಲ ಭದ್ರವಾದ ಹಕ್ಕಿಗೆ ಒಂದೇ ಒಂದು ದೌರ್ಬಲ್ಯ. ಹಕ್ಕು ಇರುವುದು ನೆಲದ ಮೇಲೆ. ನೆಲವೇ ಕಡಲಿಗೆ ಬಿದ್ದರೆ ಹಕ್ಕೂ ಅದರ ಜೊತೆಯಲ್ಲೇ ಬಿದ್ದುಹೋಗುತ್ತದೆ. ದಾರಿ ತಾನಾಗಿ ಒಳನಾಡಿಗೆ ಸರಿದುಕೊಳ್ಳುವುದಿಲ್ಲ. ಹಳೆಯ ಕಾನೂನಿನ ಪ್ರಕಾರ ಹೊಸ ದಾರಿ ಬೇಕಾದರೆ ಹೊಸದಾಗಿಯೇ ಪಡೆಯಬೇಕು. ಸಫೋಕ್‌ನಂಥ ಕಡೆ ಇದು ಬರಿಯ ವಕೀಲರ ತರ್ಕವಲ್ಲ.

ಈ ಕೊರತೆಯನ್ನು ತುಂಬಲೆಂದು 2009ರ ಕಡಲು ಮತ್ತು ಕರಾವಳಿ ಪ್ರವೇಶ ಕಾಯಿದೆ ಒಂದು ಜಾಣತನದ ಏರ್ಪಾಟು ಮಾಡಿತು. ಇಡೀ ಇಂಗ್ಲೆಂಡನ್ನು ಸುತ್ತುವ ಕರಾವಳಿ ದಾರಿಯೊಂದನ್ನು ಕಲ್ಪಿಸಿ, ದಿಣ್ಣೆ ಕುಸಿದಂತೆಲ್ಲ ದಾರಿಯೂ ಹಿಂದೆ ಸರಿಯಬಹುದು ಎಂದಿತು. ಮೂರನೆಯ ಚಾರ್ಲ್ಸ್ ದೊರೆಯ ಹೆಸರಿನ ಈ ದಾರಿಯ ಉದ್ದ ಸುಮಾರು 2,700 ಮೈಲಿ. ಇದನ್ನು ತುಂಡುತುಂಡಾಗಿ ಗುರುತಿಸಿ ತೆರೆಯುತ್ತ ಬರಲಾಗಿದೆ. ಮನೆ, ಮನೆಯಂಗಳಗಳನ್ನು ಬಿಟ್ಟು, ಹೊಲದ ಅಂಚಿನಲ್ಲಿ ದಾರಿ ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ. ದಾರಿಗೆ ಕಾನೂನು ಕೊಟ್ಟ ಈ ಭಾಗ್ಯ ದಾರಿಯ ಪಕ್ಕದ ಮನೆಗಳಿಗೆ ಇಲ್ಲ. ಸಫೋಕ್‌ನ ಕಡಲಂಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ನಡೆಯುವವರಿಗೆ ಇದು ಹೆಜ್ಜೆ ಹೆಜ್ಜೆಗೂ ಕಾಣುತ್ತದೆ.

ಕಡಲಿಗಿಳಿಯುವ ಮುನ್ನ ಕೌಂಟಿಯ ದಕ್ಷಿಣದ ಗಡಿಯಲ್ಲಿರುವ ಫ್ಲ್ಯಾಟ್‌ಫರ್ಡ್‌ಗೆ ಒಂದು ದಿನ ಕೊಡುವವರು ಹಲವರು. ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ತೋರಿಸಿದ ಹುಲ್ಲುಬಂಡಿಯ ಚಿತ್ರದಲ್ಲಿ ಎಡಗಡೆ ಒಂದು ಮನೆಯಿದೆಯಲ್ಲ, ಆ ಮನೆ ಸ್ಟೌರ್ ನದಿಯ ಅಂಚಿನಲ್ಲಿ ಈಗಲೂ ಹಾಗೆಯೇ ನಿಂತಿದೆ. ನದಿಯ ಪಕ್ಕದ ಹುಲ್ಲುಗಾವಲಿನಲ್ಲಿ ನಡೆದು ಹೋಗಿ, ಚಿತ್ರವನ್ನೂ ಮನೆಯನ್ನೂ ಮನಸ್ಸಿನಲ್ಲೇ ಹೋಲಿಸಿ ನೋಡಿ, ಚಹಾ ಕುಡಿದು ಬರುವುದು ವಾಡಿಕೆ. ಇನ್ನೂರು ವರ್ಷಗಳಲ್ಲಿ ಏನೂ ಬದಲಾಗಿಲ್ಲವೆಂಬ ಸಮಾಧಾನ ಅಲ್ಲಿ ಸಿಗುತ್ತದೆ. ಕರಾವಳಿಯಲ್ಲಿ ಅದು ಸಿಗುವುದಿಲ್ಲ.

ಹಾರುವ ತಟ್ಟೆಯ ಕಾಡು

ಫೆಲಿಕ್ಸ್‌ಸ್ಟೋದ ಉತ್ತರಕ್ಕೆ ಡೀಬೆನ್ ನದಿ ದಾರಿಯನ್ನು ಕತ್ತರಿಸುತ್ತದೆ. ಆಚೆ ದಡದ ಬಾಡ್ಸಿಗೆ ಹೋಗಲು ಬೇಸಿಗೆಯ ತಿಂಗಳುಗಳಲ್ಲಿ ಸಣ್ಣ ದೋಣಿಯುಂಟು. ದೋಣಿ ಆಚೆ ಇದ್ದರೆ ದಡದಲ್ಲಿಟ್ಟಿರುವ ಬ್ಯಾಟೊಂದನ್ನು ಎತ್ತಿ ಬೀಸಬೇಕು. ಅಂಬಿಗ ನೋಡಿ ಬರುತ್ತಾನೆ. ರೇಡಾರ್ ಎಂಬ ಸಾಧನವನ್ನು ಯುದ್ಧಕ್ಕೆ ಮೊದಲೇ ಪಳಗಿಸಿದ್ದು ಈ ಬಾಡ್ಸಿಯ ಬಂಗಲೆಯಲ್ಲಿ. ಅಂಥ ಊರಿಗೆ ಹೋಗುವ ದೋಣಿಯನ್ನು ಕರೆಯಲು ಇಂದಿಗೂ ಮರದ ಬ್ಯಾಟೇ ಸಾಕಾಗಿದೆ.

ಮುಂದಿನದು ಶಿಂಗಲ್ ಸ್ಟ್ರೀಟ್. ಹರಳುಗಲ್ಲಿನ ಬೀದಿ ಎಂದೇ ಹೆಸರಿನ ಅರ್ಥ. ಬೀದಿ ಎಂದರೆ ಕಡಲಿಗೆ ಮುಖ ಮಾಡಿದ ಒಂದೇ ಸಾಲು ಮನೆಗಳು. 1940ರಲ್ಲಿ ಶತ್ರು ದಾಳಿಯ ಭಯದಿಂದ ಇಡೀ ಊರನ್ನೇ ತೆರವು ಮಾಡಲಾಗಿತ್ತು. ಮನೆಗಳಿಂದ ನೀರಿನ ಕಡೆಗೆ ಕಲ್ಲುಗಳ ಮೇಲೆ ಬಿಳಿಯ ಶಂಖದ ಚಿಪ್ಪುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಉದ್ದನೆಯ ಗೆರೆಯೊಂದು ಇಲ್ಲಿ ನಡೆಯುವವರನ್ನು ತಡೆದು ನಿಲ್ಲಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಇಬ್ಬರು ಬಾಲ್ಯದ ಗೆಳತಿಯರು 2005ರಲ್ಲಿ ಆರಂಭಿಸಿದ ಸಾಲು ಅದು. ಕಡಲು, ಗಾಳಿ, ಓಡಾಡುವ ಕಾಲುಗಳು ಅದನ್ನು ಚದುರಿಸುತ್ತವೆ. ಯಾರೋ ಬಗ್ಗಿ ಮತ್ತೆ ಸರಿಪಡಿಸುತ್ತಾರೆ.

ಇಲ್ಲಿಂದ ಒಳನಾಡಿಗೆ ತಿರುಗಿದರೆ ರೆಂಡಲ್‌ಶಮ್ ಕಾಡು. ಹಿಂದೆ ಇದು ಕುರಿ ಮೇಯುವ ಮರಳು ಬಯಲು. ಮೊದಲ ಮಹಾಯುದ್ಧದ ನಂತರ ದೇಶಕ್ಕೆ ಮರದ ಅಭಾವ ತೋರಿದಾಗ ಅರಣ್ಯ ಆಯೋಗ 1920ರ ದಶಕದಲ್ಲಿ ಇಲ್ಲಿ ಪೈನ್ ಮರಗಳನ್ನು ಸಾಲಾಗಿ ನೆಟ್ಟಿತು. ಆ ಸಾಲುಗಳ ಶಿಸ್ತನ್ನು 1987ರ ಅಕ್ಟೋಬರ್ 16ರ ನಸುಕಿನ ಬಿರುಗಾಳಿ ಕೆಲವೇ ಗಂಟೆಗಳಲ್ಲಿ ಮುಗಿಸಿತು. ಇಂದು ಕಾಣುವ ಕಾಡಿನ ಬಹುಭಾಗ ಆಮೇಲೆ ಬೆಳೆದದ್ದು. ಈ ಸಲ ಅರಣ್ಯದವರು ನಡುನಡುವೆ ಬಯಲನ್ನೂ ಬಿಟ್ಟರು. ಬೇಸಿಗೆಯ ಮುಸ್ಸಂಜೆ ಅಲ್ಲಿ ನತ್ತಿಂಗ ಹಕ್ಕಿಯ ಚರಕ ತಿರುಗಿದಂಥ ಸದ್ದು ಕೇಳಿಸುತ್ತದೆ.

ಆದರೆ ಹೆಚ್ಚು ಜನ ಇಲ್ಲಿಗೆ ಬರುವುದು ಹಕ್ಕಿಯ ಸದ್ದಿಗಲ್ಲ, ಹಾರುವ ತಟ್ಟೆಯ ಸುದ್ದಿಗೆ. 1980ರ ಡಿಸೆಂಬರ್ ಕೊನೆಯ ವಾರ ಪಕ್ಕದ ವಾಯುನೆಲೆಯಲ್ಲಿದ್ದ ಅಮೆರಿಕದ ಸೈನಿಕರು ಕಾಡಿನೊಳಗೆ ವಿಚಿತ್ರ ಬೆಳಕು ಕಂಡೆವೆಂದರು. ಎರಡು ರಾತ್ರಿಗಳ ನಂತರ ನೆಲೆಯ ಉಪ ಕಮಾಂಡರ್ ಚಾರ್ಲ್ಸ್ ಹಾಲ್ಟ್ ತಾವೇ ಹುಡುಕಲು ಹೋಗಿ, ಧ್ವನಿಮುದ್ರಣ ಯಂತ್ರದಲ್ಲಿ ಕಂಡದ್ದನ್ನೆಲ್ಲ ದಾಖಲಿಸಿದರು. ಮೇಲಿನವರಿಗೆ ಪತ್ರವನ್ನೂ ಬರೆದರು. ವಿಜ್ಞಾನ ಲೇಖಕ ಇಯಾನ್ ರಿಡ್‌ಪಾತ್ ಆ ದಾಖಲೆಯನ್ನು ಪರಿಶೀಲಿಸಿ, ಮರಗಳ ನಡುವೆ ಮಿನುಗಿದ್ದು ಕಡಲತಡಿಯ ಆರ್ಫರ್ಡ್ ನೆಸ್ ದೀಪಸ್ತಂಭ ಎಂದರು. ಅದು ಐದು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಸರಳವಾದ ಉತ್ತರ ಎಲ್ಲರಿಗೂ ರುಚಿಸುವುದಿಲ್ಲ. ಅರಣ್ಯದವರು ವಾದಕ್ಕೆ ಹೋಗದೆ ಸುಮಾರು 3 ಮೈಲಿಯ ಹಾರುವ ತಟ್ಟೆ ಕಾಲುದಾರಿಯನ್ನೇ ಗುರುತಿಸಿಕೊಟ್ಟಿದ್ದಾರೆ. ಅದರ ಕೊನೆಯ ಭಾಗದಲ್ಲಿ ಲೋಹದ ತಟ್ಟೆಯ ಪ್ರತಿಮೆಯೂ ಇದೆ. ಮಕ್ಕಳಿಗೆ ಅದರ ಪಕ್ಕದಲ್ಲಿ ಚಿತ್ರ ತೆಗೆಸಿಕೊಳ್ಳುವ ಸಂಭ್ರಮ.

ಈಗ ವಾದವನ್ನು ಪರೀಕ್ಷಿಸಿ ನೋಡುವ ದಾರಿಯೇ ಉಳಿದಿಲ್ಲ. 1792ರಲ್ಲಿ ಕಟ್ಟಿದ ಆ ದೀಪಸ್ತಂಭದ ಬುಡಕ್ಕೆ ಕಡಲು ಬಂದದ್ದರಿಂದ 2013ರಲ್ಲಿ ದೀಪ ಆರಿಸಿದರು. 2020ರಲ್ಲಿ ಸ್ತಂಭವನ್ನೇ ಕೆಡವಿದರು. ಕನ್ನಡಿಗರಿಗೆ ಈ 1792 ಬೇರೊಂದು ಕಾರಣಕ್ಕೆ ನೆನಪಿನಲ್ಲಿರುವ ಇಸವಿ. ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಕಾರ್ನ್‌ವಾಲಿಸ್ ಈ ಕೌಂಟಿಯ ಜಮೀನ್ದಾರ ಮನೆತನದವನು. ಬ್ರೋಮ್, ಕಲ್ಫರ್ಡ್ ಎಂಬ ಊರುಗಳು ಅವರ ಕುಟುಂಬದ ನೆಲೆ. ಸಫೋಕ್‌ನ ಐ ಎಂಬ ಸಣ್ಣ ಪಟ್ಟಣದಿಂದಲೇ ಆತ ತರುಣನಾಗಿದ್ದಾಗ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದ.

ರೆಂಡಲ್‌ಶಮ್‌ನಿಂದ ಆರ್ಫರ್ಡ್‌ಗೆ ಹೋಗುವಾಗ ಸ್ಟಾವರ್ಟನ್ ಎಂಬ ಹಳೆಯ ತೋಪಿನ ಅಂಚಿನಲ್ಲಿ ಹಾದುಹೋಗುವುದನ್ನು ತಪ್ಪಿಸಬಾರದು. ನೆಟ್ಟ ಕಾಡಿಗೂ ತಾನಾಗಿ ಮುದಿಯಾದ ಕಾಡಿಗೂ ಇರುವ ವ್ಯತ್ಯಾಸ ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಟೊಳ್ಳುಬಿದ್ದ, ಗಂಟುಗಂಟಾದ ಓಕ್ ಮರಗಳು. ಕೆಳಗೆ ಕತ್ತಲು ಕವಿಸುವ ಹಾಲಿ ಗಿಡಗಳು. ಹಗಲಲ್ಲೂ ಮಾತು ತಾನಾಗಿ ತಗ್ಗುತ್ತದೆ.

ಆರ್ಫರ್ಡ್‌ನ ಕೋಟೆಯನ್ನು ಎರಡನೆಯ ಹೆನ್ರಿ ದೊರೆ 1165ರಿಂದ 1173ರ ನಡುವೆ ಕಟ್ಟಿಸಿದ. ಆಗ ಅದು ಒಳ್ಳೆಯ ಬಂದರು. ಆದರೆ ಉತ್ತರದಿಂದ ಅಲೆಗಳು ಹೊತ್ತು ತಂದ ಹರಳುಗಲ್ಲು ಒಂದು ಉದ್ದನೆಯ ನಾಲಿಗೆಯಾಗಿ ಬೆಳೆದು ಊರಿಗೂ ಕಡಲಿಗೂ ನಡುವೆ ಗೋಡೆಯಾಯಿತು. ಅದೇ ಆರ್ಫರ್ಡ್ ನೆಸ್, ಸುಮಾರು 10 ಮೈಲಿ ಉದ್ದ. ಆಲ್ಡ್ ನದಿಯ ಪಾಡಂತೂ ನಗು ಬರಿಸುತ್ತದೆ. ಆಲ್ಡ್‌ಬರೊ ಪಟ್ಟಣದ ಪಕ್ಕ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದ ಹೊಳೆ, ಈ ಕಲ್ಲಿನ ದಂಡೆ ಅಡ್ಡವಾದದ್ದರಿಂದ ದಕ್ಷಿಣಕ್ಕೆ ತಿರುಗಿ ಮೈಲಿಗಟ್ಟಲೆ ಅಲೆದು, ಶಿಂಗಲ್ ಸ್ಟ್ರೀಟಿನ ಬಳಿ ಅಂತೂ ಕಡಲು ಕಾಣುತ್ತದೆ. ಒಂದೂರಿನ ನೆಲ ಕಿತ್ತು ಇನ್ನೊಂದೂರಿನ ಬಾಗಿಲಿಗೆ ಸುರಿಯುವ ಈ ಕಡಲಿನ ಲೆಕ್ಕದಲ್ಲಿ ಲಾಭ ಪಡೆದವರು ಕಡಿಮೆ. ನೆಸ್‌ನಲ್ಲಿ ಸೇನೆ ದಶಕಗಳ ಕಾಲ ಬಾಂಬುಗಳನ್ನು ಪರೀಕ್ಷಿಸಿತ್ತು. ಅಣ್ವಸ್ತ್ರ ಪ್ರಯೋಗಕ್ಕೆ ಕಟ್ಟಿದ ಪಗೋಡಾ ಆಕಾರದ ಕಾಂಕ್ರೀಟು ಕಟ್ಟಡಗಳು ಈಗಲೂ ದಿಗಂತದಲ್ಲಿ ನಿಂತಿವೆ. 1993ರಿಂದ ಜಾಗ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು.

ಆಲ್ಡ್‌ಬರೊ ಸಂಗೀತದ ಊರು, ಬೆಂಜಮಿನ್ ಬ್ರಿಟನ್‌ನ ಊರು. ಸಂಗೀತಾಸಕ್ತರಿಗೆ ಅದರದೇ ಬೇರೆ ಪ್ರವಾಸ. ನಡೆಯುವವರು ಗಮನಿಸಬೇಕಾದದ್ದು ಹದಿನಾರನೆಯ ಶತಮಾನದ ಅದರ ಪುರಭವನವನ್ನು. ಊರಿನ ನಡುವೆ ಕಟ್ಟಿದ್ದ ಆ ಕಟ್ಟಡ ಈಗ ಕಡಲ ದಂಡೆಯಲ್ಲಿದೆ. ಕಟ್ಟಡ ಕದಲಿಲ್ಲ; ಅದರ ಮುಂದಿದ್ದ ಬೀದಿಗಳು ಹೋದವು.

ಉಳಿಸುವುದು ಯಾವುದನ್ನು?

ಆಲ್ಡ್‌ಬರೊದಿಂದ ಉತ್ತರಕ್ಕೆ ಥಾರ್ಪ್‌ನೆಸ್. ಇಲ್ಲಿ ಕುಸಿಯುತ್ತಿರುವ ದಿಣ್ಣೆಯ ಬುಡದಲ್ಲಿ ನಡೆಯುವುದು ಅಪಾಯ. 2017ರ ಜನವರಿಯಲ್ಲಿ ದಂಡೆಯಲ್ಲಿದ್ದ ಒಬ್ಬರು ಮಣ್ಣು ಕುಸಿದು ಸತ್ತರು. 2022ರಲ್ಲಿ ಅಂಚಿಗೆ ಬಂದ ಮನೆಯೊಂದನ್ನು ಕೆಡವಬೇಕಾಯಿತು. ಬ್ರಿಟನ್ನಿನಲ್ಲಿ ಕಡಲ ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಮನೆಯ ಬೆಲೆಯನ್ನು ಪರಿಹಾರವಾಗಿ ಕೊಡಬೇಕೆಂಬ ನಿಯಮವಿಲ್ಲ. ಸಿಗುವುದು ಕೆಡವುವ ಖರ್ಚಿಗೆಂದು 6,000 ಪೌಂಡಿನ ಸಹಾಯಧನ. ಕರಾವಳಿಯ ಪ್ರತಿ ತುಂಡಿಗೂ ಸರ್ಕಾರಿ ಯೋಜನೆಯಲ್ಲಿ ಒಂದೊಂದು ಹಣೆಬರಹ ಬರೆದಿದ್ದಾರೆ: ಕೆಲವು ಕಡೆ ತಡೆಗೋಡೆಯನ್ನು ಕಾಯುವುದು, ಕೆಲವು ಕಡೆ ಯೋಜಿಸಿ ಹಿಂದೆ ಸರಿಯುವುದು, ಉಳಿದ ಕಡೆ ಏನನ್ನೂ ಮಾಡದಿರುವುದು.

ಈ ಹಣೆಬರಹದ ಭೇದ ಎದ್ದು ಕಾಣುವುದು ಸೈಜ್‌ವೆಲ್‌ನಲ್ಲಿ. ಮೈಲಿಗಳ ದೂರದಿಂದಲೇ ಕಾಣುವ ಬಿಳಿಯ ಗುಮ್ಮಟ ಅಣು ವಿದ್ಯುತ್ ಸ್ಥಾವರದ್ದು. ಮೊದಲ ಸ್ಥಾವರ 1966ರಿಂದ 2006ರವರೆಗೆ ನಡೆಯಿತು. ಗುಮ್ಮಟದ ಎರಡನೆಯದು 1995ರಲ್ಲಿ ಶುರುವಾಯಿತು. ಮೂರನೆಯದಕ್ಕೆ 2022ರಲ್ಲಿ ಅನುಮತಿ ದೊರೆತು, 2025ರ ಜುಲೈಯಲ್ಲಿ ಬಂಡವಾಳ ಹೂಡುವ ಅಂತಿಮ ನಿರ್ಧಾರವೂ ಆಯಿತು. ಅದರ ಸಾಮರ್ಥ್ಯ 3,200 ಮೆಗಾವ್ಯಾಟ್. ಅದನ್ನು ಕಾಯಲು ಕಡಲಿಗೆ ಎದುರಾಗಿ ಬಲವಾದ ಒಡ್ಡು ಬರಲಿದೆ. ಕರೆಂಟು ಬೇಕು ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೆಲವೇ ಮೈಲಿ ಆಚೀಚೆ ಕಡಲಿಗೆ ಬಿಟ್ಟುಕೊಟ್ಟ ಮನೆಗಳವರಿಗೆ ಆ ಒಡ್ಡು ಹೇಗೆ ಕಾಣಬಹುದು? ಕಾಮಗಾರಿ ನಡೆಯುವ ಕಾಲದಲ್ಲಿ ನಡೆಯುವವರೂ ಇಲ್ಲಿ ಫಲಕಗಳನ್ನು ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು.

ಗುಮ್ಮಟದ ಪಕ್ಕಕ್ಕೇ ಮಿನ್ಸ್‌ಮಿಯರ್ ಪಕ್ಷಿಧಾಮ. 1940ರಲ್ಲಿ ಜರ್ಮನ್ ಸೇನೆ ಇಳಿಯದಿರಲೆಂದು ಇಲ್ಲಿನ ಗದ್ದೆಬಯಲಿಗೆ ಬೇಕೆಂದೇ ನೀರು ಬಿಟ್ಟರು. ಜರ್ಮನರು ಬರಲಿಲ್ಲ, ಹಕ್ಕಿಗಳು ಬಂದವು! ಬ್ರಿಟನ್ನಿನಲ್ಲಿ ಸುಮಾರು ನೂರು ವರ್ಷಗಳಿಂದ ಗೂಡು ಕಟ್ಟದಿದ್ದ, ಮೇಲಕ್ಕೆ ಬಾಗಿದ ಕೊಕ್ಕಿನ ಕಪ್ಪು ಬಿಳುಪಿನ ಅವೊಸೆಟ್ 1947ರಲ್ಲಿ ಈ ಜೌಗಿನಲ್ಲಿ ಮರಿ ಮಾಡಿತು. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಜೌಗು ಸೆಳೆವದ ಒಂದೇ ಒಂದು ಜೋಡಿ ಗೂಡು ಕಟ್ಟಿದ್ದು, ಅದೂ ಇಲ್ಲಿಯೇ. ಇಂದು ಜೊಂಡಿನ ಮೇಲೆ ತೇಲುವ ಆ ಹದ್ದುಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ವಸಂತದ ಬೆಳಗಿನಲ್ಲಿ ಖಾಲಿ ಶೀಸೆಯ ಬಾಯಿಗೆ ಊದಿದಂಥ ಸದ್ದು ಕೇಳಿದರೆ ಅದು ಬಿಟರ್ನ್ ಕೊಕ್ಕರೆ. ಕೇಳಿಸುವಷ್ಟು ಸುಲಭವಾಗಿ ಅದು ಕಾಣಿಸುವುದಿಲ್ಲ.

ಇದಾದ ಮೇಲೆ ಡನಿಚ್ ಕುರುಚಲು ಬಯಲು. ಆಗಸ್ಟ್ ತಿಂಗಳಲ್ಲಿ ಬಂದವರ ಅದೃಷ್ಟ ದೊಡ್ಡದು. ಹೆದರ್ ಗಿಡಗಳು ಹೂವಾಗಿ ಇಡೀ ಬಯಲು ನೇರಳೆ ಕಂಬಳಿ ಹೊದ್ದಿರುತ್ತದೆ. ಸೈಜ್‌ವೆಲ್‌ನಿಂದ ಡನಿಚ್ ಊರಿಗೆ ಸುಮಾರು 5 ಮೈಲಿ. ಈ ಕರಾವಳಿಯ ಅತ್ಯುತ್ತಮ ನಡಿಗೆ ಯಾವುದೆಂದು ಒಂದನ್ನೇ ಆರಿಸಬೇಕಾದರೆ ಇದನ್ನೇ ಆರಿಸಬೇಕು.

ಊರಿನ ಹೆಸರಿನ ನಡುವೆ ಕಾಗುಣಿತದಲ್ಲಿ ಒಂದು 'ಡಬ್ಲ್ಯು' ಇದೆ, ಉಚ್ಚರಿಸುವಾಗ ಇಲ್ಲ. ಊರನ್ನು ಕಡಲು ನುಂಗಿದಂತೆ ಅಕ್ಷರವನ್ನು ನಾಲಿಗೆ ನುಂಗಿತೆನ್ನಬೇಕು. ಮಧ್ಯಯುಗದಲ್ಲಿ ಡನಿಚ್ ಪೂರ್ವ ಇಂಗ್ಲೆಂಡಿನ ಹೆಸರಾಂತ ಬಂದರು. ಚರ್ಚುಗಳು, ಮಠಗಳು, ಪೇಟೆ, ಹಡಗು ಕಟ್ಟುವ ಅಂಗಳ ಎಲ್ಲವೂ ಇದ್ದವು. 1286ರ ಬಿರುಗಾಳಿ ಊರಿನ ಒಂದು ಭಾಗವನ್ನು ಒಯ್ದಿತು. 1328ರದು ಬಂದರಿನ ಬಾಯಿಗೆ ಮರಳು, ಜಲ್ಲಿ ತುರುಕಿತು. ವ್ಯಾಪಾರ ಹೋದ ಮೇಲೆ ಗೋಡೆ ಕಟ್ಟಲು ಹಣವೆಲ್ಲಿ? ಬೀದಿಯ ಹಿಂದೆ ಬೀದಿ ಬಿದ್ದವು. ಊರು ಹೋದರೂ ಅದರ ರಾಜಕೀಯ ಹಕ್ಕು ಹೋಗಲಿಲ್ಲವೆನ್ನುವುದು ಇನ್ನೊಂದು ತಮಾಷೆ. 1832ರ ಸುಧಾರಣಾ ಕಾಯಿದೆ ಬರುವವರೆಗೂ ಡನಿಚ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಕೊನೆಗೆ ಉಳಿದಿದ್ದ ಮತದಾರರು 32!

ಕೊನೆಯ ಹಳೆಯ ಚರ್ಚು ಆಲ್ ಸೇಂಟ್ಸ್ 1904ರಲ್ಲಿ ದಿಣ್ಣೆಯಿಂದ ಉರುಳತೊಡಗಿತು. ಅದರ ಗೋಪುರ 1919ರಲ್ಲಿ ಬಿತ್ತು. ಬೀಳುತ್ತಿದ್ದ ಅಷ್ಟೂ ವರ್ಷ ಅದರ ಚಿತ್ರ ತೆಗೆದು ಅಂಚೆಕಾರ್ಡುಗಳಲ್ಲಿ ಮಾರಿದರು. ಚರ್ಚಿನ ಸ್ಮಶಾನದ ಗೋರಿಗಳೂ ಒಂದೊಂದಾಗಿ ಜಾರಿದವು. ದಿಣ್ಣೆಯಲ್ಲಿ ಮೂಳೆಗಳು ಇಣುಕುತ್ತಿದ್ದ ಕಾಲವಿತ್ತು. ಬಿದ್ದ ಚರ್ಚುಗಳ ಗಂಟೆಗಳು ನೀರಿನಡಿ ಈಗಲೂ ಬಾರಿಸುತ್ತವೆ ಎಂಬ ಕಥೆ ಹುಟ್ಟದಿದ್ದರೆ ಆಶ್ಚರ್ಯವಾಗುತ್ತಿತ್ತು. ಗಂಟೆ ಸಿಕ್ಕಿಲ್ಲ; ಕಲ್ಲುಗಳು ಸಿಕ್ಕಿವೆ. ಮುಳುಗುಗಾರ ಸ್ಟುವರ್ಟ್ ಬೇಕನ್ 1971ರಿಂದ ಕೈಯಿಂದ ತಡವಿಯೇ ಅವಶೇಷಗಳನ್ನು ಹುಡುಕಿದರು. ನೀರು ಅಷ್ಟು ಕಲಕಿರುತ್ತದೆ, ಕಣ್ಣಿನಿಂದ ಪ್ರಯೋಜನವಿಲ್ಲ. 2008ರಿಂದ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಅವರ ತಂಡ ಶಬ್ದತರಂಗಗಳ ನೆರವಿನಿಂದ ಮುಳುಗಿದ ಊರಿನ ನಕ್ಷೆ ಬಿಡಿಸಿತು. ದಂಡೆಯಲ್ಲಿ ನಿಂತವರಿಗೆ ಕಾಣುವುದು ಬರಿಯ ನೀರು. ಬೀದಿಗಳಿರುವುದು ಅದರ ಕೆಳಗೆ, 3ರಿಂದ 10 ಮೀಟರ್ ಆಳದಲ್ಲಿ.

ಇಂದಿನ ಡನಿಚ್‌ನ ಜನಸಂಖ್ಯೆ ಇನ್ನೂರರೊಳಗೆ. ಒಂದು ಬೀದಿ, ಒಂದು ಹೋಟೆಲು, ಚೊಕ್ಕವಾದ ಒಂದು ಪುಟ್ಟ ವಸ್ತುಸಂಗ್ರಹಾಲಯ. ಅಂಚಿಗೆ ಸಮೀಪಿಸಿರುವ ಫ್ರಾನ್ಸಿಸ್ಕನ್ ಮಠದ ಪಾಳುಗೋಡೆ ತನ್ನ ಸರದಿಗೆ ಕಾದಿದೆ. ಈ ಮಠವೂ ಮೊದಲು ಕಡಲಿಗೆ ಇನ್ನೂ ಹತ್ತಿರವಿತ್ತು. 1290ರ ಸುಮಾರಿಗೆ ಸನ್ಯಾಸಿಗಳು ಹಿಂದೆ ಸರಿದು ಇಲ್ಲಿ ಕಟ್ಟಿಕೊಂಡರು. ಕಾಯಿದೆಯ ಹಂಗಿಲ್ಲದೆ ಸರಿದವರು ಅವರು.

ಒಬ್ಬನ ಗೋಡೆ

ಡನಿಚ್‌ನಿಂದ ಜೊಂಡಿನ ನಡುವೆ 3 ಮೈಲಿ ನಡೆದರೆ ವಾಲ್ಬರ್ಸ್‌ವಿಕ್. ಅಲ್ಲಿ ಬ್ಲೈದ್ ನದಿಯನ್ನು ಹುಟ್ಟುಹಾಕುವ ದೋಣಿಯಲ್ಲಿ ದಾಟಬೇಕು. ಒಂದೇ ಮನೆತನದವರು ತಲೆಮಾರುಗಳಿಂದ ನಡೆಸುತ್ತ ಬಂದ ದೋಣಿಯದು. ಆಚೆ ಸೌತ್‌ವೋಲ್ಡ್, ಮನೆಗಳ ನಡುವೆಯೇ ಬಿಳಿಯ ದೀಪಸ್ತಂಭ ತಲೆಯೆತ್ತಿರುವ ಚೆಂದದ ಊರು. ಇದನ್ನು ತಡೆಗೋಡೆ ಕಾಯುತ್ತದೆ. ಗೋಡೆ ಮುಗಿಯುವಲ್ಲಿ ಈಸ್ಟನ್ ಬ್ಯಾವೆಂಟ್ಸ್ ಶುರುವಾಗುತ್ತದೆ, ಅಂದರೆ ಶುರುವಾಗುತ್ತಲೇ ಮುಗಿಯುತ್ತದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಅತ್ಯಂತ ಪೂರ್ವದ ಗ್ರಾಮವಾಗಿದ್ದದ್ದು ಈಗ ಬೆರಳೆಣಿಕೆಯ ಮನೆಗಳು.

ಇಲ್ಲಿನ ನಿವಾಸಿ, ನಿವೃತ್ತ ಎಂಜಿನಿಯರ್ ಪೀಟರ್ ಬೊಗ್ಗಿಸ್ 2002ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. ಸರ್ಕಾರ ಕಾಯದಿದ್ದರೆ ತಾನೇ ಕಾಯುತ್ತೇನೆಂದು ಲಾರಿಗಟ್ಟಲೆ ಮಣ್ಣು ತರಿಸಿ ದಿಣ್ಣೆಯ ಬುಡಕ್ಕೆ ಸುರಿಸಿದರು. ಕಡಲು ದಿಣ್ಣೆಯನ್ನು ತಿನ್ನುವ ಬದಲು ಈ ಮಣ್ಣನ್ನು ತಿನ್ನಲಿ, ತಿಂದಷ್ಟನ್ನು ಮತ್ತೆ ತುಂಬಿದರಾಯಿತು ಎಂಬ ಲೆಕ್ಕ. ಪತ್ರಿಕೆಗಳು ಅವರನ್ನು ಅಲೆಗಳಿಗೆ ಆಜ್ಞೆಯಿತ್ತ ಕೆನ್ಯೂಟ್ ದೊರೆಗೆ ಹೋಲಿಸಿದವು. ಅಡ್ಡಬಂದದ್ದು ನಿಸರ್ಗ ಸಂರಕ್ಷಣೆಯ ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್. ಈ ದಿಣ್ಣೆಯ ಪದರಗಳಲ್ಲಿ ಲಕ್ಷಾಂತರ ವರ್ಷಗಳ ಪಳೆಯುಳಿಕೆಗಳಿವೆ. ಅವು ಅಧ್ಯಯನಕ್ಕೆ ದೊರೆಯಬೇಕಾದರೆ ದಿಣ್ಣೆ ಸವೆಯುತ್ತಲೇ ಇರಬೇಕು ಎಂಬುದು ಅದರ ವಾದ. 2008ರಲ್ಲಿ ಲಂಡನ್ನಿನ ಹೈಕೋರ್ಟು ಬೊಗ್ಗಿಸ್ ಪರ ತೀರ್ಪಿತ್ತಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು.

ಮುದುಕನೊಬ್ಬ ತನ್ನ ಮನೆ ಉಳಿಸಿಕೊಳ್ಳಲು ಸುರಿದ ಮಣ್ಣಿನ ಎದುರು ಪಳೆಯುಳಿಕೆಯ ಪರ ವಾದಿಸುವುದು ಮೊದಲ ನೋಟಕ್ಕೆ ಕ್ರೂರವೆನಿಸುತ್ತದೆ. ಕ್ರೂರವೇ ಹೌದು, ಆದರೆ ಸುಳ್ಳಲ್ಲ. ಒಂದು ಕಡೆ ದಿಣ್ಣೆ ಕರಗದಿದ್ದರೆ ಇನ್ನೊಂದು ಕಡೆಯ ದಂಡೆಗೆ ಮರಳು ಸಿಗುವುದಿಲ್ಲ ಎನ್ನುವುದೂ ನಿಜ. ತಪ್ಪಿರುವುದು ಬೇರೆ ಕಡೆ. ಎಲ್ಲರ ಒಳಿತಿಗಾಗಿ ದಿಣ್ಣೆ ಬೀಳಲಿ ಎನ್ನುವ ದೇಶ, ಬಿದ್ದ ಮನೆಯ ಭಾರವನ್ನು ಮಾತ್ರ ಒಬ್ಬನ ತಲೆಗೇ ಕಟ್ಟಿದೆ. ಹಿಂದೆ ಸರಿಯುವ ಹಕ್ಕನ್ನು ದಾರಿಗೆ ಬರೆದುಕೊಟ್ಟವರಿಗೆ ಮನೆಗೂ ಒಂದು ಸಾಲು ಬರೆಯಲು ಆಗುತ್ತಿರಲಿಲ್ಲವೇ? ಇದೇ ಅಂಚಿನ ಬಾಡಿಗೆ ಮನೆಯಲ್ಲಿದ್ದು 'ದಿ ಈಸ್ಟರ್ನ್‌ಮೋಸ್ಟ್ ಹೌಸ್' ಎಂಬ ಪುಸ್ತಕ ಬರೆದ ಜೂಲಿಯೆಟ್ ಬ್ಲ್ಯಾಕ್ಸ್‌ಲ್ಯಾಂಡ್ ಅವರ ಮನೆಯನ್ನು 2020ರಲ್ಲಿ ಕೆಡವಲಾಯಿತು. ಪುಸ್ತಕಕ್ಕೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಇಲ್ಲಿಂದ ಕೋವ್‌ಹೈದ್‌ಗೆ ದಂಡೆಯ ಮೇಲೆ ನಡೆಯುವವರು ಇಳಿತದ ವೇಳೆಯನ್ನು ಮೊದಲೇ ನೋಡಿಕೊಳ್ಳಬೇಕು. ಉಬ್ಬರ ಬಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಕುಸಿಯುವ ದಿಣ್ಣೆ. ನಡುವೆ ಏರಲು ಮೆಟ್ಟಿಲಿಲ್ಲ. ಅನುಮಾನವಿದ್ದರೆ ಒಳನಾಡಿನ ಹಾದಿಯೇ ಕ್ಷೇಮ. ಅದರಿಂದ ನಷ್ಟವೂ ಇಲ್ಲ. ಮುರಿದ ರಸ್ತೆಯ ಪಕ್ಕದ ಆ ಚರ್ಚನ್ನು ಸಾವಕಾಶವಾಗಿ ನೋಡಬಹುದು. ಹದಿನೈದನೆಯ ಶತಮಾನದ ಭವ್ಯ ಕಟ್ಟಡವದು. ಊರಿನ ಬಡತನಕ್ಕೆ ಅದರ ರಿಪೇರಿ ಭಾರವಾದಾಗ 1672ರಲ್ಲಿ ಜನ ಅನುಮತಿ ಪಡೆದು ಚಾವಣಿ ಕಳಚಿದರು. ಆ ಪಾಳುಗೋಡೆಗಳ ಮಡಿಲಲ್ಲೇ ಹುಲ್ಲು ಹೊದಿಸಿದ ಸಣ್ಣ ಚರ್ಚೊಂದನ್ನು ಕಟ್ಟಿಕೊಂಡರು. ಈಗಲೂ ಅದರಲ್ಲೇ ಪ್ರಾರ್ಥನೆ.

ಕೊನೆಯ ಹಂತ ಪೇಕ್‌ಫೀಲ್ಡ್, ಲೋಸ್ಟಾಫ್ಟ್‌ನ ತೆಂಕಣ ಬಡಾವಣೆ. ಇಲ್ಲಿ ಕಡಲು ಕೊರೆದ ದಿಣ್ಣೆಯ ಬುಡದಲ್ಲಿ ಮನುಷ್ಯರು ಕೆತ್ತಿದ 32 ಚಕಮಕಿ ಕಲ್ಲಿನ ಚೂರುಗಳು ಸಿಕ್ಕವು. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ವರದಿ ಅವುಗಳ ವಯಸ್ಸನ್ನು ಸುಮಾರು 7,00,000 ವರ್ಷವೆಂದಿತು. ಆಗ ಈ ನೆಲದಲ್ಲಿ ನೀರಾನೆಗಳಿದ್ದವು, ಹವೆ ಬೆಚ್ಚಗಿತ್ತು. ಬ್ರಿಟನ್ ಇನ್ನೂ ದ್ವೀಪವಾಗಿರಲಿಲ್ಲ. ಆ ಕಲ್ಲು ಕೆತ್ತಿದವರು ಯುರೋಪಿನಿಂದ ನಡೆದೇ ಬಂದಿದ್ದರು. ದಿಣ್ಣೆ ಕರಗದೆ ಹೋಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಚಳಿಗಾಲದ ಬಿರುಗಾಳಿ ಅಡಗಿದ ಮರುದಿನ ಪೇಕ್‌ಫೀಲ್ಡ್‌ನ ದಂಡೆಯಲ್ಲಿ ತಲೆ ತಗ್ಗಿಸಿ, ಕಲ್ಲುಗಳನ್ನು ಕಾಲಿನಿಂದ ಸರಿಸುತ್ತ ನಡೆಯುವವರು ಕಾಣುತ್ತಾರೆ. ದಿಣ್ಣೆಯಿಂದ ದೂರವಿರಿ ಎಂಬ ಎಚ್ಚರಿಕೆಯ ಫಲಕವೂ ಅಲ್ಲಿದೆ. ಲೋಸ್ಟಾಫ್ಟ್ ರೈಲು ನಿಲ್ದಾಣ ಅಲ್ಲಿಂದ ಹೆಚ್ಚು ದೂರವಿಲ್ಲ. ಇಪ್ಸ್‌ವಿಚ್‌ಗೆ ಒಂದೂವರೆ ಗಂಟೆಯ ಪ್ರಯಾಣ. ಆ ರೈಲುಹಾದಿ ಕಡಲಿನಿಂದ ಸಾಕಷ್ಟು ಒಳಗೇ ಹೋಗುತ್ತದೆ.